ಚೀಸಿನ ತೂತು ಮುಚ್ಚಿದ ಮಿಸ್ತ್ರಿ

ಊರಿನ ಎಷ್ಟೋ ಬಾಯಿಗಳನ್ನು ತುಂಬಿಸಿದವನಿಗೆ ಸ್ವಂತ ಮನೆಯ ಒಂದು ಬಾಯಿ ಒಲಿಯದೆ ಹೋದ ಸಂಗತಿ ಇದು.

ಅವನು ಹಲ್ಲು ಕಟ್ಟುವವನು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದರೊಳಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ತೀಡಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ನಗುವ ಒಂದು ಸೆಟ್ಟು ಮಾಡಿ ಹಿಂದಕ್ಕೆ ಕಳಿಸುವುದು ಅವನ ಕಸುಬು. ಬೀದಿಯವರ ಬಾಯಲ್ಲಿ ಅವನು ಹಲ್ಲಿನ ಮಿಸ್ತ್ರಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅಲ್ಲಿನ ಮೇಜಿನ ಮೇಲೆ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. ಬಾಯಿ ಇದ್ದೂ ಮಾತಿಲ್ಲದ ಜನ; ಹಾಗಾಗಿ ಆ ಕೋಣೆಯಲ್ಲಿ ಸದಾ ನೆಮ್ಮದಿ.

ಮಿಸ್ತ್ರಿಯ ತಾಯಿಗೆ ಹಣ್ಣೆಲೆ ಕಳಚುವ ಹಾಗೆ ಒಂದೊಂದೇ ಹಲ್ಲು ಕಳಚಿ, ಕಳೆದ ವರ್ಷ ಬಾಯಿ ಪೂರ್ತಿ ಬೊಚ್ಚಾಗಿತ್ತು. ಮಗ ಸುಮ್ಮನಿರುತ್ತಾನೆಯೇ? ಬಂದ ಕೆಲಸವನ್ನೆಲ್ಲ ಬದಿಗಿಟ್ಟು ತಾಯಿಗಾಗಿ ಒಂದು ಸೆಟ್ಟು ಕಟ್ಟಿದ. ಹಲ್ಲಿನ ಬಣ್ಣ ಹಾಲಿನಂತೆ ಬಿಳಿ ಇರಬಾರದು, ಬದುಕಿ ಬಾಳಿದ ಬಾಯಿಯಂತೆ ಕಾಣಬೇಕು ಎಂದು, ಒಂದು ಹನಿ ಚಹಾ ಬಿದ್ದ ಬಿಳುಪನ್ನು ಹುಡುಕಿ ಹುಡುಕಿ ಹೊಂದಿಸಿದ. ಸಾಲು ಎಷ್ಟು ನೇರವಾಗಿತ್ತೆಂದರೆ, ನೋಡಿದ ಡಾಕ್ಟರೊಬ್ಬರು ಇದನ್ನು ಬಾಯೊಳಗೆ ಹಾಕುವುದಕ್ಕಿಂತ ಗೋಡೆಗೆ ತೂಗುಹಾಕುವುದೇ ವಾಸಿ ಎಂದಿದ್ದರು.

ತಾಯಿ ಹಾಕಿಕೊಂಡಳು, ಕನ್ನಡಿ ನೋಡಿದಳು, ಚೆನ್ನಾಗಿದೆ ಮಗನೇ ಎಂದಳು. ನಾಲ್ಕು ದಿನ ಕಳೆಯುವುದರೊಳಗೆ ಹಲ್ಲು ನೀರಿನ ಲೋಟ ಸೇರಿತು. ಲೋಟ ಬೀದಿಯ ಕಡೆಯ ಕಿಟಕಿಯ ಕಟ್ಟೆ ಸೇರಿತು. ಅಲ್ಲಿಂದ ಅದು ಹೋಗಿ ಬರುವವರಿಗೆಲ್ಲ ಹಲ್ಲು ಕಿರಿಯುತ್ತ ಕೂತಿತು. ಅಂಚೆಯವನಂತೂ ಬಂದಾಗಲೆಲ್ಲ ಟೋಪಿ ಎತ್ತಿ, 'ಏನು ನಗುಮುಖದವರೇ, ಚೆನ್ನಾಗಿದೀರಾ?' ಎಂದು ಲೋಟವನ್ನು ವಿಚಾರಿಸಿಕೊಂಡೇ ಮುಂದೆ ಹೋಗುವನು.

ಮಿಸ್ತ್ರಿಗೆ ಇದು ತಲೆಗೆ ಹೊಕ್ಕ ಹುಳವಾಯಿತು. ವಸಡಿಗೆ ಒತ್ತುತ್ತದೆಯೇ ಎಂದು ಕೇಳಿದ; ಇಲ್ಲ. ಸಡಿಲವೇ? ಅದೂ ಇಲ್ಲ. ಮತ್ತೇನು? ಚೆನ್ನಾಗಿದೆ ಅಂತ ಹೇಳಿದೆನಲ್ಲ ಎಂದು ತಾಯಿ ಗಂಜಿಯ ಬಟ್ಟಲಿಗೆ ಚಮಚ ಇಳಿಸುವಳು. ಮೆತ್ತಗಿನದನ್ನು ತಿನ್ನುವುದಕ್ಕೆ ಹಲ್ಲೇಕೆ, ಅದು ಪಾಪ ತಣ್ಣಗೆ ನೀರಲ್ಲಿ ಮಲಗಿರಲಿ ಬಿಡು ಎನ್ನುವಳು. ಅವನು ಹಲ್ಲು ಕಚ್ಚಿಕೊಂಡು ಸುಮ್ಮನಾಗುವನು. ಅವನಿಗಾದರೆ ಕಚ್ಚಿಕೊಳ್ಳಲು ಹಲ್ಲಿದ್ದವು. ಅವನಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ತನ್ನ ಬಾಯಿಗೆ ಮೊದಲ ತುತ್ತಿಟ್ಟ ತಾಯಿ, ತಾನು ಕಟ್ಟಿದ ಹಲ್ಲಿನಲ್ಲಿ ಏನನ್ನಾದರೂ ಕರುಂ ಎಂದು ಕಚ್ಚುವುದನ್ನು ಕಿವಿಯಾರೆ ಕೇಳಬೇಕು. ಅಷ್ಟಾದರೆ ಈ ಕೈ ಕಲಿತದ್ದು ಸಾರ್ಥಕ ಎಂದುಕೊಂಡಿದ್ದ. ಆಗದಿದ್ದರೆ? ಆ ಮಾತನ್ನು ಅವನು ಮನಸ್ಸಿನಲ್ಲಿ ಪೂರ್ತಿ ಮಾಡುತ್ತಿರಲಿಲ್ಲ.

ದಾರಿ ತೋರಿಸಿದವಳು ಹೆಂಡತಿ. ಅವಳದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಕತ್ತರಿಗೆ ತಲೆ ಒಡ್ಡಿ ಕೂತವರು ಮನೆಯ ಗುಟ್ಟನ್ನೂ ಅಡುಗೆಯ ಗುಟ್ಟನ್ನೂ ಒಟ್ಟಿಗೇ ಬಿಟ್ಟುಕೊಡುತ್ತಾರೆ. ಹಾಗೆ ಒಬ್ಬಾಕೆ, ಫ್ರೆಂಚರ ಸ್ಯಾಂಡ್‌ವಿಚ್ ಒಂದನ್ನು ವರ್ಣಿಸಿ ಹೋಗಿದ್ದಳು. ಎರಡು ಬ್ರೆಡ್ಡಿನ ನಡುವೆ ಹಂದಿಮಾಂಸದ ಹ್ಯಾಮು, ಚೀಸು. ತಲೆಯ ಮೇಲೆ ಬಿಳಿ ಸಾಸು, ಅದರ ಮೇಲೆ ಮತ್ತೆ ಚೀಸು. ಓವನ್ ಒಲೆಯೊಳಗಿಟ್ಟು ಕೆಂಪಗೆ ಬೇಯಿಸಬೇಕು. ಹೆಸರು ಕ್ರೋಕ್ ಮೆಸ್ಯೂ. ಅಂದರೆ ಹೆಚ್ಚುಕಡಿಮೆ ಕರುಂಕುರುಂ ಯಜಮಾನರು. ಮೇಲೊಂದು ಮೊಟ್ಟೆ ಕೂರಿಸಿದರೆ ಯಜಮಾನರು ಹೋಗಿ ಯಜಮಾನಿ ಆಗುತ್ತಾರಂತೆ.

"ತಲೆ ಮೇಲೆ ಮೊಟ್ಟೆ ಹೊತ್ಕೊಂಡ ತಕ್ಷಣ ಯಜಮಾನಿ ಆಗೋದಾದ್ರೆ, ನಾನು ಈ ಮನೆಗೆ ಬಂದು ಇಷ್ಟು ವರ್ಷ ಒದ್ದಾಡಿದ್ದು ಯಾಕಮ್ಮಾ?" ಎಂದು ತಾಯಿ ಸೊಸೆಯನ್ನು ಕೇಳಿದಳು.

ಮಿಸ್ತ್ರಿಯ ಕಿವಿ ನೆಟ್ಟಗಾದದ್ದು ಕರುಂ ಎಂಬಲ್ಲಿಗೆ. ತಾಯಿಗೆ ಚೀಸೆಂದರೆ ಪ್ರಾಣ, ಹ್ಯಾಮೆಂದರೆ ಅರ್ಧ ಪ್ರಾಣ. ಬೇಡವೆನ್ನಲಾರಳು. ಹಲ್ಲಿಲ್ಲದೆ ಕಚ್ಚಲೂ ಆರಳು. ಬಲೆ ಹೆಣೆಯುವುದೇ ಆದರೆ ಬೆಣ್ಣೆಯಲ್ಲೇ ಹೆಣೆಯೋಣ ಎಂದು, ರಜೆಯ ದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಬಂದ.

ಅಡುಗೆಮನೆಗೆ ಅವನು ಕಾಲಿಟ್ಟದ್ದು ಬರಿಗೈಯಲ್ಲಲ್ಲ. ಮೇಣ ತೀಡುವ ಚೂರಿ, ಸಣ್ಣ ಕುಂಚ, ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು ತಂದಿದ್ದ. ಹೆಂಡತಿ ಬಾಗಿಲಿಗೆ ಒರಗಿ ನಿಂತು, ರೋಗಿಗೆ ಅರಿವಳಿಕೆ ಕೊಟ್ಟಾಯಿತೇ ಎಂದು ವಿಚಾರಿಸಿದಳು.

ಬಾಣಲೆಯಲ್ಲಿ ಬೆಣ್ಣೆ ಕರಗಿತು. ಮೈದಾ ಬಿತ್ತು. ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಹೋದ. ಪ್ಲಾಸ್ಟರ್ ಕಲೆಸಿ ಪಳಗಿದ ಕೈ. ಗಂಟೆಂಬುದು ಹತ್ತಿರ ಸುಳಿಯಲಿಲ್ಲ. ಆದರೆ ಅಭ್ಯಾಸಬಲ ಎಂಬುದೊಂದಿದೆಯಲ್ಲ, ಗುಳ್ಳೆ ಹೋಗಲೆಂದು ಬಾಣಲೆಯನ್ನು ಕಟ್ಟೆಗೆ ಟಪಟಪ ಕುಟ್ಟಿದ. ಒಳಗಿನಿಂದ ತಾಯಿ, ಬಾಗಿಲು ತೆಗೀರಿ, ಯಾರೋ ಬಂದಿದ್ದಾರೆ ಎಂದು ಕೂಗಿದಳು. ಸಾಸು ಚಮಚದ ಬೆನ್ನಿಗೆ ಅಂಟಿ ನಿಲ್ಲುವಷ್ಟು ದಪ್ಪವಾದಾಗ ಉಪ್ಪು, ಮೆಣಸು, ಚೂರು ಜಾಯಿಕಾಯಿ ತುರಿದು ಹಾಕಿ ಇಳಿಸಿದ.

ಬ್ರೆಡ್ಡಿಗೆ ಬೆಣ್ಣೆ ಸವರಿದ, ಒಳಮೈಗೆ ಸಾಸಿವೆಯ ಗೊಜ್ಜನ್ನು ತೆಳ್ಳಗೆ ಎಳೆದ, ಹ್ಯಾಮು ಹಾಸಿದ. ಇಷ್ಟೆಲ್ಲ ಸರಿಯಾಗಿಯೇ ನಡೆಯಿತು. ತೊಂದರೆ ಬಂದದ್ದು ಚೀಸಿನಿಂದ.

ಅಂಗಡಿಯವನು ಒಳ್ಳೆಯದೆಂದು ಕೊಟ್ಟ ಆ ಚೀಸಿನ ಮೈತುಂಬ ತೂತು. ಸಣ್ಣವು, ದೊಡ್ಡವು, ಒಂದು ಹೆಬ್ಬೆರಳು ತೂರುವಂಥದ್ದು. ಮಿಸ್ತ್ರಿ ಒಂದು ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದ. ಕೆಳಗಿಟ್ಟ. ಮತ್ತೆ ಎತ್ತಿದ. ಜೀವಮಾನವಿಡೀ ಬಾಯಿಯ ಸಂದುಗಳನ್ನು ಮುಚ್ಚಿದ ಮನುಷ್ಯ. ಸಂದು ಕಂಡರೆ ಅವನ ಬೆರಳು ಜುಮುಜುಮು ಎನ್ನುತ್ತಿತ್ತು. ಹೆಂಡತಿ ಆಚೆ ಹೋದದ್ದನ್ನು ನೋಡಿಕೊಂಡು, ಭೂತಗನ್ನಡಿ ಕಟ್ಟಿ, ಅಂಚಿನಿಂದ ಚೂರು ಚೀಸು ಕಿತ್ತು ಬೆರಳ ನಡುವೆ ಬಿಸಿ ಮಾಡಿ, ಒಂದೊಂದು ತೂತಿಗೂ ತುಂಬಿ, ಚೂರಿಯಿಂದ ನುಣ್ಣಗೆ ತೀಡತೊಡಗಿದ. ಉಸಿರು ಬಿಗಿಹಿಡಿದಿದ್ದ. ಕೊನೆಯ ತೂತಿಗೆ ಬರುವ ಹೊತ್ತಿಗೆ ಬೆನ್ನ ಹಿಂದೆ ಹೆಂಡತಿ ನಿಂತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಹೋದಳು.

ಒಲೆಯ ಗಾಜಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತು ಕಾದ. ಮೇಲಿನ ಸಾಸು ಮೆಲ್ಲಗೆ ಉಬ್ಬಿತು, ಚೀಸು ಕರಗಿ ಅಂಚಿಗಿಳಿದು ಜಾಲರಿಯಾಯಿತು, ನೆತ್ತಿಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಿತ್ತು. ಬೆಂಕಿಯ ಕೆಲಸವನ್ನು ನೋಡುತ್ತ ಕೂತವನಿಗೆ ಪ್ರಾರ್ಥನೆಗೆ ಕೂತಷ್ಟೇ ಸಮಾಧಾನ. ಎರಡರಲ್ಲೂ ಮನುಷ್ಯನ ಪಾಲಿನದು ಮುಗಿದಿರುತ್ತದೆ, ಉಳಿದದ್ದು ಬೇರೆಯವರ ಕೈಯಲ್ಲಿ. ಬೆಣ್ಣೆಯ ಪರಿಮಳ ಮನೆಯನ್ನೆಲ್ಲ ಸುತ್ತಿ ಬಂತು.

ತಟ್ಟೆಯನ್ನು ತಾಯಿಯ ಮುಂದಿಟ್ಟು, ಕಿಟಕಿಯಿಂದ ಲೋಟವನ್ನು ತಂದು ಪಕ್ಕದಲ್ಲಿಟ್ಟ. ತಾಯಿ ತಟ್ಟೆ ನೋಡಿದಳು, ಲೋಟ ನೋಡಿದಳು, ಮಗನ ಮುಖ ನೋಡಿದಳು. ಕಣ್ಣು ಮುಚ್ಚಿ, ಕೊಟ್ಟ ದೇವರಿಗೆ ಒಂದು ಮಾತು ಹೇಳಿ, ಚಮಚ ಎತ್ತಿಕೊಂಡಳು.

ಮುಂದೆ ನಡೆದದ್ದನ್ನು ಮಿಸ್ತ್ರಿ ಕಣ್ಣಾರೆ ನೋಡಬೇಕಾಯಿತು. ನೆತ್ತಿಯ ಸಾಸನ್ನು ತಾಯಿ ಗೀರಿ ತಿಂದಳು. ಕರಗಿದ ಚೀಸನ್ನು ಎಳೆ ಎಳೆಯಾಗಿ ಸುತ್ತಿ ತಿಂದಳು. ಹ್ಯಾಮನ್ನು ಚಮಚದ ಅಂಚಿನಿಂದ ಹರಿದು, ವಸಡಲ್ಲಿ ಹೊರಳಿಸಿ ಹೊರಳಿಸಿ ನುಂಗಿದಳು. ಬ್ರೆಡ್ಡಿನ ತಿರುಳನ್ನು ಸಾಸಿನ ಉಳಿಕೆಯಲ್ಲಿ ನೆನೆಸಿ ಮುಗಿಸಿದಳು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಗರಿಗರಿಯಾದ ಅಂಚು ಮಾತ್ರ. ಚಿತ್ರ ಕಳಚಿಕೊಂಡ ಚೌಕಟ್ಟಿನಂತೆ.

"ಬಾಯಿ ತಣ್ಣಗಾಯ್ತು ಮಗನೇ," ಎಂದಳು.

ಮಿಸ್ತ್ರಿ ಚೌಕಟ್ಟನ್ನೇ ನೋಡುತ್ತ ಕೂತ. ಅವನ ಮುಖ ಹಾಲು ಒಡೆದ ಹಾಗಾಗಿತ್ತು. ಅದನ್ನು ನೋಡಲಾರದೆ, ಮಾತು ಬೇರೆ ಕಡೆ ಹೊರಳಲಿ ಎಂದು ಹೆಂಡತಿ ಬಾಯಿ ಬಿಟ್ಟಳು.

"ಅತ್ತೆ, ಒಳಗಿನ ಚೀಸು ಚೆನ್ನಾಗಿ ಕೂತಿತ್ತಾ? ನಿಮ್ಮ ಮಗ ಅದರ ತೂತನ್ನೆಲ್ಲ ಒಂದೊಂದಾಗಿ ತುಂಬಿ ಪಾಲಿಶ್ ಮಾಡಿದಾರೆ."

ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಹೊಟ್ಟೆಯಿಂದ ಹೊರಟು ಭುಜಕ್ಕೆ ಬಂದು ಕಣ್ಣಲ್ಲಿ ನೀರಾಗಿ ಇಳಿಯಿತು. ಬೊಚ್ಚುಬಾಯಿ ಪೂರ್ತಿ ತೆರೆದು ನಕ್ಕಳು. ಮಿಸ್ತ್ರಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ, ಇಷ್ಟು ತಿಂಗಳು ಬಿಗಿಹಿಡಿದಿದ್ದ ಮಾತು ತಾಯಿಯ ಬಾಯಿಂದ ಜಾರಿತು.

"ಅಲ್ಲ ಕಣೋ, ತೂತು ಕಂಡ್ರೆ ಮುಚ್ಚಲೇಬೇಕಾ ನೀನು? ನನ್ನ ಬಾಯಲ್ಲಿ ಇದ್ದ ಒಂದನ್ನೂ ಮುಚ್ಚಿಬಿಟ್ಟೆಯಲ್ಲ."

ನಗು ನಿಂತಿತು. ಮಿಸ್ತ್ರಿ ತಾಯಿಯ ಬಾಯನ್ನೇ ನೋಡಿದ. ಈಗ ಅಲ್ಲಿ ಏನೂ ಇರಲಿಲ್ಲ. ಆದರೂ ಅವನಿಗೆ ಕಂಡಿತು. ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಸಂದಿತ್ತು. ಅಕ್ಕಿಕಾಳು ಹಿಡಿಯುವಷ್ಟು. ಅವನು ಹುಟ್ಟಿದಾಗಿನಿಂದ ನೋಡಿದ್ದ, ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದ. ಸೆಟ್ಟು ಕಟ್ಟುವಾಗ ಕೈ ತಾನಾಗಿ ಅದನ್ನು ಮುಚ್ಚಿತ್ತು.

ತಾಯಿ ಮೆಲ್ಲಗೆ ವಿವರಿಸಿದಳು. ಅವಳ ಬೆಳಗಿನ ಪ್ರಾರ್ಥನೆ ಅವಳದೇ ಮಾತಿನದು, ಯಾರೂ ಕಲಿಸಿದ್ದಲ್ಲ: ಸ್ವಾಮೀ, ಸರ್ವರನ್ನೂ ಸಲಹು, ಸಂಜೆಯವರೆಗೆ ಸಾಕು, ಸಂಜೆ ಮತ್ತೆ ಬಂದು ಕೇಳುತ್ತೇನೆ. ಸ ಎಂದು ಶುರುವಾಗುವ ಪ್ರತಿ ಮಾತಿನ ತಲೆಯಲ್ಲೂ ಆ ಸಂದಿನಿಂದ ಸಣ್ಣ ಸಿಳ್ಳೆಯೊಂದು ಹೊರಡುತ್ತಿತ್ತು. ಮಿಸ್ತ್ರಿಯ ಬಾಲ್ಯದ ಬೆಳಗುಗಳೆಲ್ಲ ಗೋಡೆಯಾಚೆಯ ಆ ಸಿಳ್ಳೆಯಿಂದಲೇ ಹರಿದಿದ್ದವು. ಹಕ್ಕಿಯೆಂದು ಎಷ್ಟೋ ದಿನ ಕಿಟಕಿಯಲ್ಲಿ ಹುಡುಕಿದ್ದ.

"ನಿನ್ನ ಹಲ್ಲು ಹಾಕ್ಕೊಂಡು ಕೂತೆ. ವಾರ್ತೆ ಓದೋರ ಹಾಗೆ ನೆಟ್ಟಗೆ ಬಂತು ಮಾತು. ಇಷ್ಟು ವರ್ಷ ಸಿಳ್ಳೆ ಹೊಡೆದು ಕರೆದಿದೀನಿ. ಈಗ ಯಾರೋ ಹೊಸಬರು ಬಂದ್ರು ಅಂದ್ಕೊಳ್ಳಲ್ವಾ ಅವನು?"

"ಬರೀ ವಸಡಲ್ಲಿ ಸಿಳ್ಳೆ ಬರುತ್ತಾ ಅಮ್ಮಾ?"

"ಬರಲ್ಲ. ಆದ್ರೆ ಬರೀ ಬಾಯಿ ಅಂದ್ರೆ ಮುದುಕಿಗೆ ವಯಸ್ಸಾಯ್ತು ಅಂತ ತಿಳ್ಕೋತಾನೆ. ಹಲ್ಲು ಹಾಕಿದ್ರೆ ಬೇರೆಯವಳೇ ಅಂತಾನೆ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಮಗ ಕೇಳಿದ. ತಾಯಿ ತಟ್ಟೆಯ ಚೌಕಟ್ಟನ್ನು ಬೆರಳಿಂದ ನೇರ ಮಾಡಿದಳು. "ಎಷ್ಟು ಚೆನ್ನಾಗಿ ಮಾಡಿದ್ದೆ. ಹೇಗೆ ಹೇಳೋದು?"

ಮಿಸ್ತ್ರಿ ಲೋಟ ಎತ್ತಿಕೊಂಡು ಮುಂದಿನ ಕೋಣೆಗೆ ಹೋದ. ಹಲ್ಲನ್ನು ಒರೆಸಿ ಅಂಗೈಯಲ್ಲಿಟ್ಟು ನೋಡಿದ. ಒಂದು ಕೂದಲೆಳೆ ಅತ್ತಿತ್ತಿಲ್ಲದ ಸಾಲು. ಇಂಥದ್ದು ಈ ಕೈಯಿಂದ ಮತ್ತೆ ಬರುತ್ತದೋ ಇಲ್ಲವೋ. ಮೇಜಿನ ಮೇಲಿನ ದವಡೆಗಳೆಲ್ಲ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದವು. ಅರೆಯುವ ಯಂತ್ರಕ್ಕೆ ತೀರ ತೆಳುವಾದ ಬಿಲ್ಲೆ ಹಾಕಿ, ಕಣ್ಣಿಗೆ ಭೂತಗನ್ನಡಿ ಕಟ್ಟಿ, ಗುಂಡಿ ಒತ್ತಿದ. ಗುಯ್ ಎಂದಿತು. ಒಳಗೆ ಅತ್ತೆ ಸೊಸೆ ಮಾತು ನಿಲ್ಲಿಸಿದರು.

ಮೊದಲ ಸಲ ಸಂದು ಸಾಲಲಿಲ್ಲ; ತಾಯಿ ಹಾಕಿಕೊಂಡು ಸ್ವಾಮೀ ಎಂದರೆ ಬರೀ ಗಾಳಿ. ಮತ್ತೆ ಚೂರು ಅರೆದ. ಈ ಸಲ ಸಿಳ್ಳೆ ಎಷ್ಟು ಜೋರಾಗಿ ಬಂತೆಂದರೆ, ಇದು ಪ್ರಾರ್ಥನೆಗಲ್ಲ, ರೈಲು ಬಿಡುವುದಕ್ಕೆ ಎಂದು ಸೊಸೆ ತಕರಾರು ತೆಗೆದಳು. ಒಂದಿಷ್ಟು ಮೇಣ, ಒಂದಿಷ್ಟು ಬಣ್ಣದ ಪುಡಿ, ಮತ್ತೆ ಯಂತ್ರ, ಮತ್ತೆ ಪಾಲಿಶ್. ಸಂಜೆ ಬೆಳಕು ಕಿಟಕಿಗೆ ಬಂದಾಗ ತಾಯಿ ಇನ್ನೊಮ್ಮೆ ಹಾಕಿಕೊಂಡು, ನಾಲಿಗೆಯಿಂದ ತಡವಿ, ಗೋಡೆಯ ಕಡೆ ತಿರುಗಿ ಕೂತಳು.

ಮಿಸ್ತ್ರಿ ಬಾಗಿಲಾಚೆ ನಿಂತ. ಗೋಡೆಯಾಚೆಯಿಂದ ಕೇಳಬೇಕಿತ್ತು ಅವನಿಗೆ.

"ಸ್ವಾಮೀ," ಎಂದಿತು ಒಳಗಿನ ದನಿ. ಮಾತಿನ ತಲೆಯಲ್ಲಿ ಸಣ್ಣದೊಂದು ಹಕ್ಕಿ ಕೂತಿತ್ತು.

ಅವನು ಅಲ್ಲಿಂದ ನೇರ ಅಡುಗೆಮನೆಗೆ ಹೋದ. ಉಳಿದ ಸಾಸನ್ನು ಚೂರು ಹಾಲು ಬಿಟ್ಟು ಸಡಿಲಿಸಿದ. ಬ್ರೆಡ್ಡು ಹಾಸಿದ, ಹ್ಯಾಮು ಹಾಸಿದ. ಚೀಸಿನ ಬಿಲ್ಲೆ ಎತ್ತಿದಾಗ ಬೆರಳು ಮತ್ತೆ ಜುಮುಜುಮು ಎಂದಿತು. ತೂತುಗಳನ್ನು ಒಂದು ಗಳಿಗೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಹಾಗೆಯೇ ಇಟ್ಟ. ಒಲೆಯಿಂದ ತೆಗೆದ ಮೇಲೆ, ಯಾರೂ ಹೇಳದೆ, ಬೆಣ್ಣೆಯಲ್ಲಿ ಕರಿದ ಒಂದು ಮೊಟ್ಟೆಯನ್ನು ಅದರ ನೆತ್ತಿಯ ಮೇಲೆ ಕೂರಿಸಿದ.

ತಾಯಿ ಚಮಚ ಮುಟ್ಟಲಿಲ್ಲ. ಎರಡು ಕೈಯಲ್ಲಿ ಎತ್ತಿಕೊಂಡು, ಮೂಲೆಯನ್ನು ಬಾಯಿಗಿಟ್ಟು, ಮಗನನ್ನು ಓರೆಗಣ್ಣಿಂದ ನೋಡುತ್ತ ಕಚ್ಚಿದಳು. ಕರುಂ. ಮೊಟ್ಟೆಯ ಹಳದಿ ಗಲ್ಲಕ್ಕಿಳಿಯಿತು. ಸೊಸೆ ಒರೆಸಲು ಕೈ ಚಾಚಿದರೆ, ಸುಮ್ಮನಿರು, ಸದ್ದು ಕೇಳಿಸಲಿ ಅವನಿಗೆ ಎಂದು ಸನ್ನೆ ಮಾಡಿ, ಮತ್ತೊಮ್ಮೆ ಕಚ್ಚಿದಳು.

ಮರುದಿನ ಬೆಳಿಗ್ಗೆ ಅಂಚೆಯವನು ಟೋಪಿ ಎತ್ತಿ ಕಿಟಕಿ ನೋಡಿದರೆ, ಲೋಟದಲ್ಲಿ ಬರೀ ನೀರು. ಗಾಬರಿಯಾಗಿ, ನಗುಮುಖದವರು ಎಲ್ಲಿ ಎಂದು ಕೇಳಿದ. ಮಿಸ್ತ್ರಿ ಪ್ಲಾಸ್ಟರ್ ಕಲೆಸುತ್ತಿದ್ದವನು ತಲೆ ಎತ್ತದೆ, ತುಟಿಗೆ ಬೆರಳಿಟ್ಟ.

"ಮೆಲ್ಲಗೆ. ಒಳಗೆ ಪ್ರಾರ್ಥನೆ ಮಾಡ್ತಿದ್ದಾರೆ."