ಬೋರಲು ಬಟ್ಟಲು

"ಚೆನ್ನಾಗಿ ವಾದಿಸಿದೆ. ಈಗ, ಹೋಗಬಾರದು ಅನ್ನೋ ಪಕ್ಷ ಹಿಡಿ," ಎಂದರು ಎಜ್ರಾ ಪೊಲಾರ್ಡ್, ಗರಿಲೇಖನಿ ಕೆಳಗಿಟ್ಟು.

ಮೇಜಿನ ಆಚೆ ನಿಂತಿದ್ದವಳು ಅವರ ಹಿರಿಮಗಳು ಲೆಟಿಸ್. ವಿಟ್‌ಸ್ಟಬಲ್ಲಿನ ಸಮುದ್ರದಂಡೆಯಲ್ಲಿರುವ ಅಜ್ಜಿಯ ಮನೆಗೆ ಈ ಬೇಸಗೆ ಹೋಗಲೇಬೇಕೆಂದು ಅವಳು ಆಸೆ ಕಟ್ಟಿಕೊಂಡಿದ್ದಳು. ಹುಟ್ಟಿದಂದಿನಿಂದ ಲಂಡನ್ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಆದರೆ ಎಜ್ರಾರ ಮನೆಯಲ್ಲಿ ಏನನ್ನಾದರೂ ಬೇಡುವವರು ಮೊದಲು ಅದರ ಪರ, ಆಮೇಲೆ ಅದರ ವಿರುದ್ಧ ಮಾತಾಡಬೇಕು. ಯಾವುದರಿಂದ ಹೆಚ್ಚು ಜನಕ್ಕೆ ಹೆಚ್ಚು ಸುಖವೋ ಅದೇ ತೀರ್ಪು. ಮಕ್ಕಳನ್ನು ಬೆಳೆಸುವ ಬಗ್ಗೆ ಎಜ್ರಾ ಬರೆಯುತ್ತಿದ್ದ ದೊಡ್ಡ ಪುಸ್ತಕದ ತಿರುಳೇ ಇದು.

ಅವರನ್ನು ಕೆಟ್ಟವರೆನ್ನಲು ಬಾಯಿ ಬಾರದು. ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಗ್ರೀಕ್ ಪದವೊಂದು ತಿಳಿಯದಿದ್ದರೆ ತಮ್ಮ ಬರವಣಿಗೆಯನ್ನೇ ನಿಲ್ಲಿಸಿ ಹೇಳಿಕೊಡುತ್ತಿದ್ದರು. ಆ ಮನೆಯಲ್ಲಿ ನಿಷೇಧವಿದ್ದದ್ದು ಒಂದೇ ಒಂದು ಮಾತಿಗೆ: 'ಸುಮ್ಮನೆ'. ಯಾಕೆ ಎಂದು ಕೇಳಿದಾಗ ಸುಮ್ಮನೆ ಎಂದವರಿಗೆ ಸಂಜೆಯ ಚಹಾ ಇಲ್ಲ, ಅವರ ಬಟ್ಟಲು ಬೋರಲು.

ಲೆಟಿಸ್ ಹೋಗಬಾರದೆಂಬ ಪಕ್ಷ ಹಿಡಿದಳು. ಬೇಕೆಂದೇ ಕೆಟ್ಟದಾಗಿ ವಾದಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ನಾನು ಹೋದ್ರೆ ತಂಗಿ ಟ್ಯಾಬಿಗೆ ಪಾಠ ಹೇಳೋರಿಲ್ಲ. ನೀವೇ ಹೇಳಕ್ಕೆ ಕೂತ್ರೆ ಪುಸ್ತಕ ನಿಲ್ಲತ್ತೆ. ಪುಸ್ತಕ ನಿಂತ್ರೆ, ಅದರಿಂದ ಒಳ್ಳೇದಾಗಬೇಕಾದ ಎಷ್ಟೋ ಮಕ್ಕಳಿಗೆ ನಷ್ಟ. ಸಮುದ್ರ ನೋಡೋ ಸುಖ ನನಗೊಬ್ಬಳಿಗೆ."

ಎಜ್ರಾರ ಮುಖ ಅರಳಿತು. "ಭೇಷ್. ಇದಕ್ಕೆ ನಿನ್ನ ಹತ್ರ ಉತ್ತರ ಇದೆಯಾ?"

"ಇಲ್ಲ, ಅಪ್ಪ."

"ಹಾಗಾದ್ರೆ ತೀರ್ಪು ಕೊಟ್ಟಿದ್ದು ನೀನೇ, ನಾನಲ್ಲ."

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದಕ್ಕೆ ಶಾಭಾಸ್‌ಗಿರಿ ಬೇರೆ. ಹುಡುಗಿ ಅಳಲಿಲ್ಲ. ಅಳುವುದಕ್ಕೂ ಕಾರಣ ಕೊಡಬೇಕಾಗುತ್ತಿತ್ತು.

"ಅವಳು ಹೋಗಿ ಬರ್ಲಿ."

ಒಲೆಯ ಪಕ್ಕ ಕಾಲುಚೀಲ ಹೊಲಿಯುತ್ತಿದ್ದ ತಾಯಿ ಡಾರ್ಕಸ್ ತಲೆ ಎತ್ತದೆ ಹೇಳಿದ ಮಾತು ಅದು. ಮದುವೆಯಾದಾಗಿನಿಂದ ಆ ಮೇಜಿನ ಮಾತಿಗೆ ಅವರು ಬಾಯಿ ಹಾಕಿದವರಲ್ಲ.

"ಯಾಕೆ, ಡಾರ್ಕಸ್?"

"ಸುಮ್ಮನೆ."

ಪುಟ್ಟ ಟ್ಯಾಬಿ ಪಾಟಿಯಿಂದ ಕಣ್ಣೆತ್ತಿದಳು. "ಅಮ್ಮ, ನಿಂಗೆ ಚಹಾ ಇಲ್ಲ."

"ಬೇಡ ಬಿಡೆ. ಚಹಾ ಇಲ್ದೆ ಯಾರೂ ಸತ್ತಿಲ್ಲ."

"ಒಂದು ಕಾರಣ ಕೊಡು, ತೂಗಿ ನೋಡೋಣ," ಎಂದರು ಎಜ್ರಾ ಮೆಲ್ಲಗೆ.

"ಕೊಟ್ರೆ ನೀವು ಗೆಲ್ತೀರಿ. ಅದಕ್ಕೇ ಕೊಡಲ್ಲ."

ಅಂದು ಸಂಜೆ ಡಾರ್ಕಸ್ ತಮ್ಮ ಬಟ್ಟಲನ್ನು ತಾವೇ ಬೋರಲು ಹಾಕಿದರು. ಮರುದಿನ ಎಜ್ರಾ ಮತ್ತೆ ಯಾಕೆ ಎಂದರು, ಬಟ್ಟಲು ಮತ್ತೆ ಬೋರಲಾಯಿತು. ಎಂಥೆಂಥ ವಿದ್ವಾಂಸರನ್ನು ಮಣಿಸಿದ ಮನುಷ್ಯನಿಗೆ ಆ ಒಂದು ಮಾತಿನಲ್ಲಿ ಹಿಡಿದೆಳೆಯಲು ತುದಿಯೇ ಸಿಗಲಿಲ್ಲ. ವಾರ ಕಳೆಯುವುದರೊಳಗೆ, "ಗಾಡಿಯವನಿಗೆ ಹೇಳಿ ಕಳಿಸು," ಎಂದರು.

ಲೆಟಿಸ್ ಹೊರಟ ಬೆಳಿಗ್ಗೆ ಎಜ್ರಾ ಕಿಟಕಿಯ ಬಳಿ ನಿಂತಿದ್ದರು. ಮೇಜಿನ ಮೇಲೆ ಲೇಖನಿಯ ಶಾಯಿ ಒಣಗಿತ್ತು. ಎದುರಿಗಿದ್ದ ಲೆಟಿಸ್‌ಳ ಕುರ್ಚಿ ಖಾಲಿ.

"ಅಪ್ಪ, ಗಾಡಿ ಆಗ್ಲೇ ಹೋಯ್ತಲ್ಲ," ಎಂದಳು ಟ್ಯಾಬಿ. "ಯಾಕೆ ಇನ್ನೂ ಅಲ್ಲೇ ನಿಂತಿದೀರಿ?"

ಒಳ್ಳೆಯ ಗಾಳಿ, ಬೆಳಕು, ಕಣ್ಣಿಗೆ ವಿಶ್ರಾಂತಿ, ಕಾರಣಗಳೇನೋ ನಾಲಿಗೆಯ ತುದಿಯಲ್ಲೇ ಇದ್ದವು. ಒಂದೂ ನಿಜವಾಗಿರಲಿಲ್ಲ.

"ಸುಮ್ಮನೆ," ಎಂದರು.

ಸಂಜೆ ಡಾರ್ಕಸ್ ಚಹಾ ತಂದಾಗ ಗಂಡನ ಬಟ್ಟಲು ಬೋರಲಾಗಿತ್ತು. ಟ್ಯಾಬಿ ಇಬ್ಬರ ಮುಖವನ್ನೂ ನೋಡಿದಳು. ಡಾರ್ಕಸ್ ಮಗುವಿಗಷ್ಟು ಚಹಾ ಬಗ್ಗಿಸಿ, ತಮ್ಮ ಬಟ್ಟಲನ್ನೂ ಬೋರಲು ಹಾಕಿ, ಗಂಡನ ಎದುರಿನ ಖಾಲಿ ಕುರ್ಚಿಯಲ್ಲಿ ಕೂತರು.