ಬಿಗಿ ಬಿಡಿಸುವ ಮಾತ್ರೆ

ಮಾಸ್ಟರಿಗೆ ಲಕ್ವ ಹೊಡೆದದ್ದು ಬಲಗೈಗೆ, ಬಲಗಾಲಿಗೆ. ಬಾಯಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಮನೆಯಲ್ಲಿ ಸ್ವಲ್ಪ ನೆಮ್ಮದಿಯಾದರೂ ಇರುತ್ತಿತ್ತು ಎಂದು ಮಗಳು ತಮಾಷೆ ಮಾಡುತ್ತಿದ್ದಳು.

ಆಯುಸ್ಸೆಲ್ಲ ಹೊಲಿಗೆ ಮಿಷನ್ ರಿಪೇರಿ ಮಾಡಿದವರು. ಬೀದಿಯ ದರ್ಜಿಗಳಿಗೆಲ್ಲ ಅವರು ಮಾಸ್ಟರು. ಈಗ ಮಾಸ್ಟರ ಬಲಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತ್ತು, ಕಾಲು ಕೋಲಿನಂತೆ ಸೆಟೆದಿತ್ತು. ಆದರೂ ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಕೂತಲ್ಲಿ ಕೂರಲಾರರು, ಮಲಗಿದಲ್ಲಿ ಮಲಗಲಾರರು. ಗೋಡೆ ಹಿಡಿದು ಕಾಲೆಳೆಯುತ್ತ ಕೋಣೆಯಿಂದ ಕೋಣೆಗೆ ಅಲೆಯುವುದೇ ಕೆಲಸ.

ಅಲೆದಾಟಕ್ಕೆ ಕಾರಣವಿತ್ತು. ಮಗಳು ಬಸ್ ಓಡಿಸುವವಳು, ಸ್ಟೀರಿಂಗ್ ಎಂದರೆ ಅವಳಿಗೆ ಪ್ರಾಣ. ಅಪ್ಪನಿಗಾಗಿ ಹಾಕಿದ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು.

"ನಾನು ಹೊರಟ ಮೇಲೆ ನೀನೇ ಬಂದು ಚಿಲಕ ಹಾಕ್ಕೊಂಡು, ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡ್ರೆ ಸಾಕಪ್ಪ. ಅಷ್ಟು ಧೈರ್ಯ ಬರಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ," ಎಂದಿದ್ದಳು.

ಮಾಸ್ಟರಿಗೆ ಕೇಳಿಸಿದ್ದು ಕೊನೆಯ ಎರಡು ಮಾತು ಮಾತ್ರ. ತನ್ನಿಂದ ಮಗಳ ಬದುಕು ನಿಂತುಹೋಗುವುದೇ? ಕೈ ಬಿಡಿಸಿ ತೋರಿಸಿಯೇ ಅವಳನ್ನು ಕಳಿಸಬೇಕೆಂದು ಹಟ ಹಿಡಿದರು.

ಔಷಧಿ ಡಬ್ಬಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಬಿ.ಪಿ.ಗೆ ಒಂದು, ಮಾಂಸಖಂಡದ ಬಿಗಿ ಬಿಡಿಸಲು ಇನ್ನೊಂದು. ಮೊದಲಿನ ಎರಡನ್ನು ಮುಖ ಕಿವುಚಿ ನುಂಗುತ್ತಿದ್ದರು. ಕೊನೆಯದರ ಮೇಲೆ ಮಾತ್ರ ಅವರಿಗೆ ವಿಪರೀತ ಪ್ರೀತಿ. "ಇದನ್ನ ನಿಧಾನವಾಗಿ ಏರಿಸಬೇಕು ಮಾಸ್ಟರೇ. ಇದು ಬಾಗಿಲು ತೆಗೆಯುತ್ತೆ ಅಷ್ಟೇ, ಒಳಗೆ ಹೋಗೋದು ನಿಮ್ಮ ವ್ಯಾಯಾಮದಿಂದ," ಎಂದು ಡಾಕ್ಟರಮ್ಮ ಹೇಳಿದಾಗ ತಲೆಯನ್ನೂ ಆಡಿಸಿದ್ದರು.

ಆದರೆ ಅವರ ವಿದ್ಯೆಯೇ ಬೇರೆ. ತುಕ್ಕು ಹಿಡಿದು ಬಿಗಿದ ಮಿಷನ್ ಬಂದರೆ ಒಂದು ಹನಿ ಎಣ್ಣೆ ಬಿಟ್ಟು ಕಾಯುವ ಜಾತಿಯಲ್ಲ ಅವರದು. ಸುರಿದು, ನೆನೆಸಿ, ಚಕ್ರ ತಿರುಗುವವರೆಗೂ ಬಿಡುವವರಲ್ಲ. ಹೆಚ್ಚಾದದ್ದನ್ನು ಚಿಂದಿಯಲ್ಲಿ ಒರೆಸಿದರಾಯಿತು. ಮೈಯೊಳಗೆ ಹೋದದ್ದನ್ನು ಒರೆಸುವ ಚಿಂದಿ ಎಲ್ಲಿದೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಮಗಳು ಕೊಟ್ಟ ಮಾತ್ರೆ ನುಂಗಿದರು. ಅವಳು ತರಕಾರಿಗೆಂದು ಹೊರಟಿದ್ದೇ ತಡ, ಎಡಗೈಯಿಂದ ಡಬ್ಬಿ ತೆರೆದು ಬಿಗಿ ಬಿಡಿಸುವ ಮಾತ್ರೆಯಲ್ಲಿ ಮಧ್ಯಾಹ್ನದ್ದನ್ನೂ ರಾತ್ರಿಯದನ್ನೂ ಗಂಟಲಿಗಿಳಿಸಿದರು.

ಸ್ವಲ್ಪ ಹೊತ್ತಿಗೆ ರೆಪ್ಪೆ ಭಾರವಾಯಿತು, ತಲೆ ತೂಗಿತು. ಮಾಸ್ಟರು ಜಗ್ಗಲಿಲ್ಲ. ತಮ್ಮ ಹಳೆಯ ಮಿಷನ್ನಿನ ಮುಂದೆ ಕೂತು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎಳೆದರು. ಬಿಟ್ಟವು! ಅಂಗೈ ಬೆಳಕು ಕಂಡಿತು. ಅದರಲ್ಲಿ ದಾರದ ಬಾಬಿನ್ ಇಟ್ಟರು, ಬೆರಳು ಮಡಚಿದರು. ಬೀಳಲಿಲ್ಲ. ಮಾಸ್ಟರಿಗೆ ಅಳು ಬಂತು.

ಹೊರಗೆ ಗೇಟಿನ ಸದ್ದಾಯಿತು.

"ಬಾರೇ, ನೋಡು ಇಲ್ಲಿ! ಸೋಮವಾರ ನೀನು ಬಸ್ಸು ಹತ್ತೋದೇ!" ಎಂದು ಕೂಗಿ ಎದ್ದು ನಿಂತರು. ನಿಂತರು ಎಂದರೆ ಸುಳ್ಳಾದೀತು. ಬಲಗಾಲು ಒದ್ದೆ ಬಟ್ಟೆಯಂತೆ ಮಡಚಿಕೊಂಡಿತು. ಮೇಜಿಗೆ ಭುಜ ತಾಗಿಸಿಕೊಂಡು ನೆಲಕ್ಕೆ ಬಿದ್ದರು. ಬಾಬಿನ್ ಮಂಚದ ಕೆಳಗೆ ಉರುಳಿಹೋಯಿತು.

ಮಗಳು ತರಕಾರಿ ಚೀಲ ಬಿಸಾಕಿ ಓಡಿಬಂದಳು. ತೆರೆದಿದ್ದ ಡಬ್ಬಿಯ ಸಮೇತ ಅಪ್ಪನನ್ನು ಆಸ್ಪತ್ರೆಗೆ ಒಯ್ದಳು. ಪುಣ್ಯಕ್ಕೆ ತಲೆಗೆ ಪೆಟ್ಟಾಗಿರಲಿಲ್ಲ. ಸಂಜೆವರೆಗೂ ಮಲಗಿಸಿಕೊಂಡು ನೋಡಿದ ಡಾಕ್ಟರಮ್ಮ, "ಕೈ ಯಾವುದು, ಕಾಲು ಯಾವುದು ಅಂತ ಮಾತ್ರೆಗೇನು ಗೊತ್ತು ಮಾಸ್ಟರೇ? ಇಷ್ಟು ದಿನ ನಿಮ್ಮ ಕಾಲು ನಿಂತಿದ್ದೇ ಆ ಬಿಗಿಯ ಮೇಲೆ. ಶಕ್ತಿ ಬರೋವರೆಗೂ ಅದು ಸ್ವಲ್ಪ ಬೇಕು. ಹಾಗಂತ ಹೆದರಿ ಒಮ್ಮೆಗೇ ನಿಲ್ಲಿಸಲೂಬಾರದು. ನಾನು ಹೇಳಿದಷ್ಟೇ," ಎಂದರು.

ಮನೆಗೆ ಬರುವಾಗ ಮಗಳು ಆಟೋದಲ್ಲಿ ಕೇಳಿದಳು: "ಬೆಲ್ಟ್ ಸಡಿಲ ಆದ್ರೆ ಮಿಷನ್ ಓಡುತ್ತಾ ಅಪ್ಪ?"

"ಓಡಲ್ಲ."

"ನನಗೆ ಹೇಳಿಕೊಟ್ಟಿದ್ದು ಯಾರು?"

ಮಾಸ್ಟರು ತಲೆ ತಗ್ಗಿಸಿದರು. "ಕೈ ಬಿಡಿಸಿದ್ರೆ ನೀನು ಕೆಲಸಕ್ಕೆ ಹೋಗ್ತೀಯ ಅಂತ ಕಣೇ..."

"ನಾನು ಕೈ ಕೇಳಿದ್ನಾ? ಚಿಲಕ ಹಾಕ್ಕೊಳ್ಳೋಕೆ ಎಡಗೈ ಇತ್ತು. ಬಾಗಿಲವರೆಗೆ ಬರೋಕೆ ಆ ಸೆಟೆದ ಕಾಲೂ ಇತ್ತು. ಈಗ ಕಾಲಲ್ಲಪ್ಪ, ನಿನ್ನನ್ನೇ ನಂಬೋದು ಹೇಗೆ?"

ಭಾನುವಾರವಿಡೀ ಆ ಪ್ರಶ್ನೆ ಮಾಸ್ಟರನ್ನು ಕೂರಗೊಡಲಿಲ್ಲ. ಕಾಲು ಮತ್ತೆ ಸೆಟೆಯಿತು. ಆ ಬಿಗಿಗೆ ಮೊದಲ ಸಲ ಅವರ ಮನಸ್ಸು ಕೃತಜ್ಞವಾಯಿತು.

ಸೋಮವಾರ ಮಗಳು ಯೂನಿಫಾರ್ಮ್ ಹಾಕಿದಳು, ಬಿಚ್ಚಲೋ ಎಂಬಂತೆ ಗುಂಡಿಯ ಮೇಲೆ ಕೈಯಿಟ್ಟು ನಿಂತಳು. ಮಾಸ್ಟರೇ ಡಬ್ಬಿಯನ್ನು ಎಡಗೈಯಲ್ಲಿ ತಂದು ಚಾಚಿದರು. "ಇದನ್ನ ನೀನೇ ತಗೊಂಡು ಹೋಗು. ಮಧ್ಯಾಹ್ನದ್ದೊಂದು ಇಲ್ಲಿಟ್ಟಿರು. ನನ್ನನ್ನ ನಂಬಬೇಡ ಮಗಳೇ, ನಾನೇ ನಂಬಲ್ಲ."

ಮಗಳು ಡಬ್ಬಿ ತೆಗೆದುಕೊಂಡು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಅದನ್ನು ಹಾಗೇ ಮೇಜಿನ ಮೇಲಿಟ್ಟು ಹೊರಟಳು.

ಮಾಸ್ಟರು ಕಾಲೆಳೆಯುತ್ತ ಬಾಗಿಲಿಗೆ ಬಂದರು. ಚಿಲಕ ಹಾಕಿದರು. ಹೊರಗೆ ಹೆಜ್ಜೆ ಇನ್ನೂ ಕದಲಿರಲಿಲ್ಲ.

"ಕೇಳಿಸ್ತಪ್ಪ!" ಎಂದಿತು ಮಗಳ ದನಿ. ಆಮೇಲೆ ಹೆಜ್ಜೆಗಳು ಬಿರಬಿರನೆ ಹೊರಟುಹೋದವು.

ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿತ್ತು. ಡಬ್ಬಿ ಕಣ್ಣೆದುರೇ ಇತ್ತು. ಮಾಸ್ಟರು ಅದರ ಎದುರೇ ಕುರ್ಚಿ ಎಳೆದು ಕೂತು, ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದರು. ಬಿಡಿಸಿದ್ದು ಮತ್ತೆ ಮಡಚಿಕೊಂಡಿತು. ಮತ್ತೆ ಬಿಡಿಸಿದರು.