ಹುಣಸೆಹಣ್ಣು ತಿಕ್ಕಿದ ಬಿಲ್ಲೆ

ನಾನು ಒಂದು ಗೇರ್‌ಬಾಕ್ಸ್. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಯಾವ ಗೇರ್‌ಬಾಕ್ಸ್ ಎಂದು ಕೇಳಿದರೆ ತಡವರಿಸುತ್ತೇನೆ.

ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ, ಕರಗಿದ ಅಲ್ಯೂಮಿನಿಯಂ ಅಚ್ಚಿನೊಳಗೆ ತಣ್ಣಗಾದಾಗ ನಾನು ಹುಟ್ಟಿದೆ. ಹೊಟ್ಟೆಯೊಳಗೆ ಗೇರು ಬಿಗಿಹಿಡಿಯುವ ತಟ್ಟೆ, ಪಟ್ಟಿ, ಕೆಂಪು ಎಣ್ಣೆ ತುಂಬಿದರು. ಪಕ್ಕಕ್ಕೆ ನನ್ನ ಮಾದರಿಯ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಸಿಕ್ಕಿಸಿದರು. ನನ್ನದು ಕ್ಲಚ್ ಪೆಡಲ್ ಇಲ್ಲದ ಕಾರು. ಗೇರು ಯಾವಾಗ ಬದಲಿಸಬೇಕೆಂದು ಓಡಿಸುವವರು ಹೇಳುವುದಿಲ್ಲ, ನಾನೇ ನಿರ್ಧರಿಸಬೇಕು. ಅಂಥ ಕೆಲಸಕ್ಕೆ ನನ್ನಂಥ ಅಳ್ಳೆದೆಯ ವಸ್ತುವನ್ನು ಯಾಕೆ ಮಾಡಿದರೋ ತಿಳಿಯದು.

ಮೊದಲು ಮುಂಬಯಿಯ ಒಬ್ಬ ಡಾಕ್ಟರ ಬಳಿ ಇದ್ದೆ. ಅಲ್ಲಿ ಒಮ್ಮೆ ನನ್ನನ್ನು ಬಿಚ್ಚಿ ಏನೇನೋ ತುಂಬಿದರು. ಬಿಚ್ಚಿದ್ದು ನೆನಪಿದೆ, ತುಂಬಿದ್ದು ಏನೆಂದು ನೆನಪಿಲ್ಲ. ಆಮೇಲೆ ಹುಬ್ಬಳ್ಳಿಯ ಹೊಂಬಳ ಮನೆಯವರು ಕಾರನ್ನು ಕೊಂಡರು. ಆ ಮನೆಯ ಮಗಳು ಇಂದುಮತಿಗೆ ಪೋಲಿಯೋದಿಂದ ಎಡಗಾಲು ಸೋತಿತ್ತು. ಎಡಗಾಲಿಗೆ ಕೆಲಸವೇ ಇಲ್ಲದ ಕಾರೊಂದಿದೆ ಎಂದು ಕೇಳಿ ಅಪ್ಪ ತಂದಿದ್ದರು. ಮುಂದೆ ಅವರು ಭೂಗೋಳ ಕಲಿಸುವ ಶಿಕ್ಷಕಿಯಾದರು, ಊರಿಗೆಲ್ಲ 'ಅಕ್ಕೋರು' ಆದರು.

ನಾನಿದ್ದದ್ದು ಅವರ ಪಾದಗಳ ಕೆಳಗೆ. ಬಲಪಾದ ಪೆಡಲುಗಳ ನಡುವೆ ಓಡಾಡುತ್ತಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಎಡಗಾಲು ಸುಮ್ಮನೆ ಒರಗಿರುತ್ತಿತ್ತು. ಕಾರು ಕುಲುಕಿದಾಗ ಆ ಪಟ್ಟಿ ನನ್ನ ತಲೆಯ ಮೇಲೆ ಟಣ್ ಎನ್ನುತ್ತಿತ್ತು. ನನ್ನನ್ನೇ ಕರೆದಂತೆ ಅನ್ನಿಸಿ ಬೆಚ್ಚುತ್ತಿದ್ದೆ.

ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಕಾರು ತೊಳೆಯುವಾಗ ನನ್ನ ಬಿಲ್ಲೆಯನ್ನೂ ಬಿಚ್ಚಿ ಒಳಗೆ ಒಯ್ಯುತ್ತಿದ್ದರು. ಅಕ್ಕೋರ ಅವ್ವ ದೇವರ ದೀಪದ ಸಮೆಗಳ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ಕುಂಕುಮವಿಟ್ಟು ಕಳಿಸುತ್ತಿದ್ದರು. ನನಗೆ ಹೆಮ್ಮೆಯೆನಿಸುತ್ತಿತ್ತು. ವರ್ಷವರ್ಷವೂ ನಂಬರು ಸವೆಯುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಬೇಸಿಗೆ ರಜೆಯಲ್ಲಿ ಅಕ್ಕೋರು ಅಂಕೋಲೆಯ ಸಮುದ್ರಕ್ಕೆ ಹೋಗುತ್ತಿದ್ದರು. ಕಾಲಿನ ಪಟ್ಟಿ ಬಿಚ್ಚಿ ಮರಳಿನ ಮೇಲಿಟ್ಟು, ಅವ್ವನ ಕೈ ಹಿಡಿದು ನೀರಿಗಿಳಿದು, ಎದೆಮಟ್ಟ ಹೋದಮೇಲೆ ಕೈ ಬಿಡುತ್ತಿದ್ದರು. ಆಮೇಲೆ ನಡೆಯುತ್ತಿದ್ದರು. ಒಬ್ಬರೇ, ಏನನ್ನೂ ಹಿಡಿಯದೆ. "ನೀರಾಗ ಕಾಲಿಗೆ ತೂಕಾನ ಇಲ್ಲ ನೋಡವ್ವಾ" ಎಂದದ್ದು ದಂಡೆಯಲ್ಲಿ ನಿಂತ ನನಗೂ ಕೇಳಿತ್ತು. ಅವ್ವ ತೀರಿಕೊಂಡ ಮೇಲೆ ಕೋಲು ಹಿಡಿದು ಒಬ್ಬರೇ ಇಳಿದರು.

ಒಂದು ವರ್ಷ ವಾಪಸು ಬರುವಾಗ ಅರಬೈಲು ಘಟ್ಟದಲ್ಲಿ ಇಂಜಿನ್ ಕೈಕೊಟ್ಟಿತು. ಲಾರಿಯೊಂದು ನಮ್ಮನ್ನು ಎಳೆದು ತಂದಿತು. ಅಕ್ಕೋರ ಅಣ್ಣ ವಾಮನರಾಯರು ಬಾಗಿಲಲ್ಲೇ ಕಾದಿದ್ದರು.

"ಸಾಕಿಂದೂ. ಇದನ್ನ ಗುಜರಿಗೆ ಕೊಟ್ಟು ಡ್ರೈವರ್ ಇಡೂಣು."

"ಡ್ರೈವರ್ ಮುಂದ ನಾ ಸಮುದ್ರಕ್ಕ ಇಳೀಲೇನಣ್ಣಾ?"

ರಾಯರು ಕಾರಿನ ಸುತ್ತ ಒಂದು ಸುತ್ತು ಬಂದರು. "ಇನ್ನೊಂದು ಸಲ ನೋಡೂಣು. ನಾನೂ ಬರ್ತೀನಿ. ಘಟ್ಟ ಹತ್ತಿದ್ರ ಇಟ್ಕೋ. ನಿಂತ್ರ ಗುಜರಿ."

ಮಿಸ್ತ್ರಿ ದಾದಾಪೀರ್ ಕೆಟ್ಟ ಇಂಜಿನ್ನಿನ ಬದಲಿಗೆ ಎಲ್ಲಿಂದಲೋ ಎಂಟು ಸಿಲಿಂಡರಿನ ದೊಡ್ಡ ಇಂಜಿನ್ ತಂದ. "ಇಂಜಿನ್ ಆನಿ ಐತ್ರಿ ಅಕ್ಕೋರ. ಅದರ ಜಗ್ಗಾಟ ಈ ಡಬ್ಬಿ ತಡೀಬೇಕಲ್ರಿ" ಎನ್ನುತ್ತ ನನ್ನ ಬಿಲ್ಲೆ ಒರೆಸಿದ. "ನಂಬರ್ ಎಲ್ಲಿ ಹೋತ್ರಿ?"

"ಅವ್ವನ ಹುಣಸಿಹಣ್ಣಿಗೆ ಹೋತಪಾ."

"ಇದರಾಗ ಮಾರಿ ನೋಡ್ಕೊಂಡು ಗಡ್ಡಾ ಕೆರಕೋಬಹುದು ಬಿಡ್ರಿ!"

ನನ್ನನ್ನು ಮಗುಚಿ ಹಾಕಿ, ಹೊಟ್ಟೆಯಡಿಯ ಎಣ್ಣೆತಟ್ಟೆಯ ಆಕಾರ ನೋಡಿದ. ಒಂದು ಮೂಲೆ ಕತ್ತರಿಸಿದಂತಿತ್ತು. ಹಾಗಾದರೆ ಇಂಥ ಮಾದರಿಯದೇ ಎಂದು ಹೇಳಿ ಮುಂಬಯಿಯಿಂದ ಗೇರು ಹಿಡಿಯುವ ತಟ್ಟೆಗಳನ್ನು ತರಿಸಿದ. ಅವು ಒಳಗೆ ಕೂರಲಿಲ್ಲ. ಪೂರ್ತಿ ಬಿಚ್ಚಿ ತಲೆ ಕೆರೆದುಕೊಂಡ. "ಮ್ಯಾಲಿನ ಚಿಪ್ಪು ಒಂದರದು, ಒಳಗಿನ ಡ್ರಮ್ಮು ಇನ್ನೊಂದರದು. ಇದು ಅದೂ ಅಲ್ರಿ, ಇದೂ ಅಲ್ರಿ."

ಇಷ್ಟು ವರ್ಷ ಗೇರು ಬದಲಿಸಿದ್ದು ಯಾರು ಹಾಗಾದರೆ? ಚಿಪ್ಪೋ, ಡ್ರಮ್ಮೋ? ಬೆಂಚಿನ ಮೇಲೆ ಬಿಡಿಬಿಡಿಯಾಗಿ ಹರಡಿಕೊಂಡಿದ್ದ ನನಗೆ, ಇದರಲ್ಲಿ ನಾನು ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ.

ದಾದಾಪೀರ್ ಒಂದೊಂದನ್ನೂ ಅಳೆದು ಎರಡು ಮಾದರಿಯ ಸಾಮಾನು ತರಿಸಿದ. ತಟ್ಟೆಗಳನ್ನು ಹೆಚ್ಚಿಸಿದ, ಅಗಲ ಪಟ್ಟಿ ಹಾಕಿದ, ಎಣ್ಣೆಯ ಒತ್ತಡ ಏರಲೆಂದು ಗಟ್ಟಿ ಸ್ಪ್ರಿಂಗ್ ಕೂರಿಸಿದ. ಮೊದಲು ನಾನು ಗೇರು ಬದಲಿಸಿದರೆ ಮಲಗಿದವರಿಗೂ ಎಚ್ಚರವಾಗುತ್ತಿರಲಿಲ್ಲ. ಈಗ ಧಡ್ ಎಂದಿತು.

"ಒದೀತದಲ್ಲೋ ದಾದಾಪೀರ್!" ಅಕ್ಕೋರು ಬೆಚ್ಚಿದರು.

"ಒದೀಬೇಕ್ರಿ. ಮೆತ್ತಗ ಹಿಡದ್ರ ಜಾರತೈತಿ, ಜಾರಿದ್ರ ಸುಡತೈತಿ."

ಅಷ್ಟು ಜೋರು ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ.

ಅಂಕೋಲೆಗೆ ಇಳಿಯುವುದು ಸುಲಭವಾಯಿತು. ರಾಯರು ಬೂಟು ಬಿಚ್ಚದೆ ದಂಡೆಯಲ್ಲೇ ನಿಂತರು. ತಂಗಿ ನೀರಿನಲ್ಲಿ ಕೋಲು ಬಿಟ್ಟು ನಡೆದದ್ದನ್ನು ಅವರು ನೋಡಿದ್ದು ಅದೇ ಮೊದಲು. ಕೋಲು ಅಲೆಯ ಮೇಲೆ ತೇಲಿ ಬಂದಾಗ ಬೂಟಿನಲ್ಲೇ ಇಳಿದು ಎತ್ತಿಕೊಂಡರು.

ವಾಪಸು ಘಟ್ಟದಲ್ಲಿ, ಮುಂದೆ ತೆವಳುವ ಲಾರಿಯೊಂದಿತ್ತು. ನಾನು ಮೂರನೇ ಗೇರಿಗೆ ಏರಿದೆ. ಇಂಜಿನ್ ನರಳಿತು. ಎರಡಕ್ಕೆ ಇಳಿದೆ, ಧಡ್. ಮತ್ತೆ ಏರಿದೆ. ಯಾವುದು ಸರಿ? ಚಿಪ್ಪು ಒಂದು ಹೇಳಿತು, ಡ್ರಮ್ಮು ಇನ್ನೊಂದು. ಎಣ್ಣೆ ಕಾಯತೊಡಗಿತು.

"ವಾಸನಿ ಬರ್ಲಿಕ್ಕತ್ತದ. ನಿಲ್ಲಸಿಂದೂ."

ಅಕ್ಕೋರು ನಿಲ್ಲಿಸಲಿಲ್ಲ. ನನ್ನನ್ನು ಒಂದೇ ಗೇರಿನಲ್ಲಿ ನಿಲ್ಲಿಸಬಲ್ಲ ಸನ್ನೆಗೋಲನ್ನು ಎರಡಕ್ಕೆ ಎಳೆದು ಹಿಡಿದರು. ಅಣ್ಣನಿಗಲ್ಲ, ಕೆಳಗೆ ನನಗೇ ಹೇಳಿದರು: "ಎರಡರಾಗ ಇರು. ವಿಚಾರ ನಾ ಮಾಡ್ತೀನಿ."

ಹಾಗೆ ಯಾರೂ ನನಗೆ ಹೇಳಿರಲಿಲ್ಲ. ನಾನು ಎರಡರಲ್ಲೇ ಇದ್ದೆ. ಒಳಗಿನ ಪಟ್ಟಿ ಬಿಗಿಹಿಡಿಯಿತು, ತಟ್ಟೆ ಜಾರಲಿಲ್ಲ. ತಿರುವು ತಿರುವಾಗಿ ಘಟ್ಟ ಕೆಳಗೆ ಸರಿಯಿತು.

ಮೇಲೆ ಬಂದಾಗ ರಾಯರು ಒದ್ದೆ ಬೂಟು ಬಿಚ್ಚುತ್ತ ಹೇಳಿದರು: "ಮುಂದಿನ ಸಲ ನನಗೂ ಒಂದು ಟಾವೆಲ್ ತಗೋ."

ಹಾಗೆ ಎಷ್ಟೋ ಬೇಸಿಗೆ ಹೋಗಿಬಂದೆವು. ಈಗ ಅಕ್ಕೋರಿಲ್ಲ. ಕಾರಿನ ತಗಡು ಎಲ್ಲೆಲ್ಲೋ ಹೋಯಿತು. ನನ್ನನ್ನು ಮಾತ್ರ ದಾದಾಪೀರ್ ತನ್ನ ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಾನೆ. ಹಳೆಯ ಕಾರಿನವರು ಬಂದು ಇದು ಯಾವ ಮಾದರಿ ಎಂದು ಬಗ್ಗುತ್ತಾರೆ, ಬಿಲ್ಲೆಯಲ್ಲಿ ತಮ್ಮ ಮುಖವನ್ನೇ ನೋಡಿ ಏಳುತ್ತಾರೆ. ನನಗೂ ಗೊತ್ತಿಲ್ಲ, ಏನೆಂದು ಹೇಳಲಿ? ಆದರೆ ನನ್ನ ಪಕ್ಕದಲ್ಲೊಂದು ಸಣ್ಣ ಕಡ್ಡಿಯಿದೆ, ಆ ಸನ್ನೆಗೋಲಿಗೆ ಜೋಡಿಸಿದ್ದುದು. ಅದು ಅಕ್ಕೋರು ಕೊನೆಯ ಸಲ ಎಳೆದಿಟ್ಟಲ್ಲೇ ಇದೆ, ಎರಡರಲ್ಲಿ.